ಒಂಟೆ ಏರಿದ ಧಾಟಿ

ಅಕ್ಟೋಬರ್ 3, ಶುಕ್ರವಾರ

ಮೂರು ವರ್ಷದಿಂದ ಯಾರಿಗೂ ಹೇಳದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವುದು ಜಪಾನಿನ ಅಳುವ ಹಾಡುಗಳನ್ನು.

ಎಂಕಾ ಎನ್ನುತ್ತಾರೆ ಅದಕ್ಕೆ. ಕಿಮೊನೊ ಉಟ್ಟ, ದೊಡ್ಡಮ್ಮನ ಪ್ರಾಯದ ಹೆಂಗಸೊಬ್ಬಳು ನಿಂತಲ್ಲಿಂದ ಕದಲದೆ ಹಾಡುತ್ತಾಳೆ. ಒಂದು ಬಂದರು ಇರುತ್ತದೆ, ಹಿಮ ಬೀಳುತ್ತಿರುತ್ತದೆ, ಕೊನೆಯ ದೋಣಿಯಲ್ಲಿ ಯಾವನೋ ಹೋಗಿರುತ್ತಾನೆ. ಇಷ್ಟು ಕೂಡ ವಿಡಿಯೋದ ಅಡಿಯಲ್ಲಿ ಬರುವ ಇಂಗ್ಲಿಷ್ ಸಾಲು ಓದಿ ತಿಳಿದದ್ದು. ಕೊನೆಗೆ ಅವಳ ದನಿ ನಡುಗುತ್ತದೆ, ಇಲ್ಲಿ ಒಮಾನ್ ದೇಶದ ವಾದಿ ಕಬೀರಿನ ಮೂರನೆಯ ಮಹಡಿಯಲ್ಲಿ ಬಟ್ಟೆ ಮಡಚುತ್ತ ನಾನು ಮೂಗು ಒರೆಸಿಕೊಳ್ಳುತ್ತೇನೆ. ನನ್ನ ಜೊತೆಯವರೆಲ್ಲ ಕೊರಿಯಾದ ಹಾಡುವ ಹುಡುಗರಿಗೆ ಮನಸೋತವರು. "ನೀನೂ ಅದೇನಾ ಕೇಳುದು?" ಎಂದರೆ "ಆ ಕಡೆಯದ್ದೇ" ಎನ್ನುತ್ತೇನೆ. ಸುಳ್ಳಲ್ಲ. ಭೂಪಟ ತೆಗೆದು ನೋಡಬಹುದು.

ಸುಳ್ಳು ನನಗೆ ಆಗುವುದಿಲ್ಲ. ಅದು ಒಳ್ಳೆಯ ಗುಣ ಎಂದೇ ಎಲ್ಲರೂ ಅಂದುಕೊಂಡಿದ್ದರು, ನಾನು ಪಕ್ಕದ ಫ್ಲಾಟಿನ ಸೌಮ್ಯಶ್ರೀ ಆಂಟಿಗೆ ಅವರ ಪಾಯಸದಲ್ಲಿ ಪೋಸ್ಟರ್ ಅಂಟಿಸಬಹುದು ಎಂದು ಹತ್ತು ಜನರ ಮುಂದೆ ಹೇಳುವವರೆಗೆ. ಶಾಲೆ ಬಿಟ್ಟಾಗಲೂ ಹೀಗೇ ಆಯಿತು. ಎಲ್ಲರೂ ದೊಡ್ಡ ಕಾರಣ ಹುಡುಕಿದರು. ಯಾರಾದರೂ ಹುಡುಗನಾ, ಟೀಚರ್ ಬೈದರಾ. "ಬೋರ್ ಆಯ್ತು" ಎಂದೆ. ಹನ್ನೆರಡನೆಯ ತರಗತಿಯ ಅರ್ಥಶಾಸ್ತ್ರ ಪಾಠದ ನಡುವೆ ಚೀಲ ಎತ್ತಿಕೊಂಡು ಹೊರಟೆ. ಟಾಯ್ಲೆಟ್ಟಿಗೆ ಹೋದಳು ಎಂದುಕೊಂಡು ಟೀಚರ್ ಸ್ವಲ್ಪ ಹೊತ್ತು ಕಾದರಂತೆ.

ಇವತ್ತು ಊಟದ ಹೊತ್ತಿಗೆ ಅಪ್ಪ ಅದನ್ನೇ ಮತ್ತೆ ಎತ್ತಿದರು.

"ಭರತನಾಟ್ಯ ಬಿಟ್ಟೆ. ಕರಾಟೆ ಬಿಟ್ಟೆ. ಶಾಲೆ ಬಿಟ್ಟೆ. ಹತ್ತೊಂಬತ್ತು ಆಯ್ತು ದೀಕ್ಷಿತಾ, ನೀನು ಬಿಡದ್ದು ಎಂತ ಉಂಟು?"

"ಊಟ," ಎಂದೆ.

ಅಡುಗೆಮನೆಯಲ್ಲಿ ಅಮ್ಮ ನಕ್ಕದ್ದು ಕೇಳಿತು. "ಬುಲ್‌ಬುಲ್ ಬಿಡ್ಲಿಲ್ಲ ಮಾರಾಯ್ರೆ," ಎಂದಳು ಅಲ್ಲಿಂದಲೇ. "ಅದೊಂದು ಬಿಡ್ಲಿಲ್ಲ."

ಬುಲ್‌ಬುಲ್ ಎಂದರೆ ಅಜ್ಜನ ಬುಲ್‌ಬುಲ್ ತರಂಗ. ಎಡಗೈಯಲ್ಲಿ ಟೈಪ್‌ರೈಟರಿನಂಥ ಗುಂಡಿ ಒತ್ತುತ್ತ, ಬಲಗೈಯಲ್ಲಿ ತಂತಿ ಮೀಟುವ ಪೆಟ್ಟಿಗೆ. ಶುಕ್ರವಾರಗಳಲ್ಲಿ ನಮ್ಮ ಹಾಲಿನಲ್ಲಿ ಭಜನಾ ಮಂಡಳಿ ಸೇರುತ್ತದೆ. ಕೊಗ್ಗ ಮಾಮ ಹಾರ್ಮೋನಿಯಂ ಹಿಡಿದು ಹಾಡಿಸುತ್ತಾರೆ, ಮೂಲೆಯಲ್ಲಿ ನಾನು ಬುಲ್‌ಬುಲ್.

ಅಪ್ಪನ ಮುಖದಲ್ಲಿ ಒಂದು ಉಪಾಯ ಮೂಡಿತು. ಕೆಲಸಕ್ಕೆ ಹೋಗುವ ಸ್ಟೋರಿನಲ್ಲಿ ಹಳೆಯ ಸಾಮಾನು ಯಾರಿಗೋ ದಾಟಿಸುವಾಗ ಇದೇ ಮುಖ ಇರುತ್ತದೆ ಎಂದು ನನ್ನ ಅನುಮಾನ.

"ಸರಿ. ನವೆಂಬರಿನಲ್ಲಿ ಭಜನಾ ಸ್ಪರ್ಧೆ ಉಂಟಲ್ಲ. ಮಂಡಳಿಗೆ ಒಂದು ಬಹುಮಾನ ಬರ್ಲಿ, ಮೂರನೆಯದ್ದಾದ್ರೂ ಸಾಕು. ಒಂದು ವರ್ಷ ನಾನು ಶಾಲೆಯ ಸುದ್ದಿ ಎತ್ತುದಿಲ್ಲ. ಬರದಿದ್ರೆ ನೀನು ಊರಿಗೆ, ಕಿನ್ನಿಗೋಳಿಗೆ, ಚಿಕ್ಕಮ್ಮನ ಮನೆಗೆ. ಅಲ್ಲಿ ಕೂತು ಹನ್ನೆರಡನೇ ಪರೀಕ್ಷೆ ಕಟ್ಟುದು."

"ಆಯ್ತು," ಎಂದೆ.

"ಆಯ್ತು ಅಂದ್ರೆ?"

"ಆಯ್ತು ಅಂದ್ರೆ ಆಯ್ತು."

ಮಂಡಳಿ ಹುಟ್ಟಿದಂದಿನಿಂದ ಅದಕ್ಕೆ ಬಹುಮಾನ ಬಂದದ್ದಿಲ್ಲ ಎನ್ನುವುದು ನೆನಪಾದದ್ದು ಕೈ ತೊಳೆಯುವಾಗ.

ಅಕ್ಟೋಬರ್ 7, ಮಂಗಳವಾರ

ಇವತ್ತು ಎಂಥ ಮಜಾ!

ನಮ್ಮ ಕಟ್ಟಡದ ಕೆಳಗೆ ತಮೀಮ್ ಅಂಕಲ್‌ನ ಅಂಗಡಿ. ಮುಂದೆ ಕಾರುಗಳಿಗೆ ಸ್ಪೀಕರ್ ಕೂರಿಸುತ್ತಾರೆ, ಹಿಂದೆ ಪರದೆಯ ಆಚೆ ವಾದ್ಯಗಳ ರಿಪೇರಿ. ಹಗಲೆಲ್ಲ ನಾನು ಅಲ್ಲೇ. ಸಂಬಳವಿಲ್ಲ, ಹಾಗಾಗಿ ಕೆಲಸ ಎನ್ನುವಂತಿಲ್ಲ. ಹಾಲಿಲ್ಲದ ಸುಲೈಮಾನಿ ಚಹಾ ಸಿಗುತ್ತದೆ. ಅಂಕಲ್ ಒಮಾನಿ ಬಲೂಚಿ, ನನ್ನ ಜೊತೆ ಆಡುವುದು ಸಿನಿಮಾ ನೋಡಿ ಕಲಿತ ಹಿಂದಿ. ಬಲೂಚಿ ಮದುವೆಗಳಲ್ಲಿ ಬೆಂಜು ನುಡಿಸುತ್ತಾರೆ. ಅದೂ ಗುಂಡಿ ಒತ್ತಿ ತಂತಿ ಮೀಟುವ ಪೆಟ್ಟಿಗೆಯೇ, ಆದರೆ ನನ್ನದಕ್ಕಿಂತ ಎರಡು ಪಾಲು ಉದ್ದ.

ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ನಲವತ್ತು ದಾಟಿರಬಹುದು, ದೊಡ್ಡ ಬಿಸಿಲು ಟೊಪ್ಪಿ. ಬಟ್ಟೆಯಲ್ಲಿ ಸುತ್ತಿದ್ದನ್ನು ಮಗುವನ್ನು ಮಲಗಿಸುವಂತೆ ಮೇಜಿನ ಮೇಲೆ ಮಲಗಿಸಿ ಬಿಚ್ಚಿದರು.

"ಬೆಂಜು!" ಎಂದರು ತಮೀಮ್ ಅಂಕಲ್.

"ಬುಲ್‌ಬುಲ್!" ಎಂದೆ ನಾನು.

"ತೈಶೋಗೊತೊ," ಎಂದರು ಆ ಹೆಂಗಸು, ಇಬ್ಬರಿಗೂ ತಲೆಬಾಗಿ.

ಅವರ ಹೆಸರು ಹಿಸಾಯೊ. ಗಂಡನಿಗೆ ಇಲ್ಲಿ ಕೆಲಸ. ಹಿಸಾಯೊ-ಸಾನ್ ಎನ್ನಬೇಕಂತೆ. ಅಕ್ಕ, ಮಾಮ, ಚಿಕ್ಕಮ್ಮ, ದೊರೆ ಎಲ್ಲರಿಗೂ ಅಲ್ಲಿ ಒಂದೇ ಸಾನ್, ಎಷ್ಟು ಸುಲಭ. ಅವರು ಇಂಗ್ಲಿಷಿನಲ್ಲಿ, ಅಂಕಲ್ ಹಿಂದಿಯಲ್ಲಿ, ನಡುವೆ ನಾನು ಭಾಷಾಂತರಕ್ಕೆ.

ಅಂಕಲ್ ತಮ್ಮ ಬೆಂಜು ಇಳಿಸಿ ಪಕ್ಕಕ್ಕಿಟ್ಟರು. ನಾನು ಮಹಡಿಗೆ ಓಡಿ ಅಜ್ಜನದ್ದನ್ನು ತಂದೆ. ಮೂರೂ ಸಾಲಾಗಿ ಮಲಗಿದವು.

"ನೋಡು ಬೇಟಿ, ನಮ್ಮದು ದೊಡ್ಡದು," ಎಂದರು ಅಂಕಲ್. "ನನ್ನ ಅಜ್ಜನ ಅಜ್ಜ ಬಲೂಚಿಸ್ತಾನದಿಂದ ತಂದದ್ದು. ದೊಡ್ಡದು ಅಪ್ಪ, ಸಣ್ಣವು ಮಕ್ಕಳು. ಖಲಾಸ್."

ಹಿಸಾಯೊ-ಸಾನ್ ಬಹಳ ನಯವಾಗಿ, ಇದನ್ನು ನೂರು ವರ್ಷದ ಹಿಂದೆ ನಗೋಯಾ ಊರಿನಲ್ಲಿ ಯಾರೋ ಒಬ್ಬರು ಟೈಪ್‌ರೈಟರ್ ನೋಡಿ ಮಾಡಿದ್ದಂತೆ, ಆಮೇಲೆ ಹಡಗಿನಲ್ಲಿ ಊರೂರು ಹೋಯಿತಂತೆ ಎಂದರು. ನಾನು ಒಂದು ಮಾತೂ ಬಿಡದೆ ಹಿಂದಿಗೆ ಇಳಿಸಿದೆ.

ಅಂಕಲ್ ತಮ್ಮ ಬೆಂಜುವನ್ನು ತುಂಬ ಹೊತ್ತು ನೋಡಿದರು. "ಇದು ಜಪಾನಿಯಾ?"

"ಹೌದಂತೆ ಅಂಕಲ್."

"ನನ್ನ ಗಾಡಿಯೂ ಜಪಾನಿ. ಚೆನ್ನಾಗಿ ಬಾಳಿಕೆ ಬರ್ತದೆ." ಅಷ್ಟಕ್ಕೆ ಸಮಾಧಾನವಾಯಿತು ಅವರಿಗೆ.

ಗುಂಡಿಯ ಸ್ಪ್ರಿಂಗ್ ಬದಲಿಸುವಾಗ ಹಿಸಾಯೊ-ಸಾನ್ ನನ್ನನ್ನು ಕೇಳಿದರು, ನಿನಗೆ ಎಂಥ ಹಾಡು ಇಷ್ಟ ಎಂದು. ನೇರವಾದ ಪ್ರಶ್ನೆ. ಎಂಕಾ ಎಂದೆ. ಬಾಯಿಗೆ ಕೈ ಅಡ್ಡ ಹಿಡಿದು ಎಷ್ಟು ನಕ್ಕರೆಂದರೆ ಟೊಪ್ಪಿ ಕೆಳಗೆ ಬಿತ್ತು. "ನನ್ನ ಅಮ್ಮನೂ ಅದನ್ನು ಕೇಳುವುದಿಲ್ಲ," ಎಂದರು. "ಅಜ್ಜಿ ಕೇಳುತ್ತಿದ್ದಳು."

ಅಕ್ಟೋಬರ್ 14, ಮಂಗಳವಾರ

ಹಿಸಾಯೊ-ಸಾನ್ ಅವರ ಅಜ್ಜಿಯ ಹಾಡೊಂದನ್ನು ಕಲಿಸುತ್ತಿದ್ದಾರೆ. ಐದೇ ಸ್ವರ. ಕೇಳಲು ಸಲೀಸು, ಕೈಗೆ ಬರುವುದಿಲ್ಲ. ಮಧ್ಯೆ ಒಂದು ಕಡೆ ಸ್ವರ ಜಾರಿ ಮೇಲಕ್ಕೆ ಹೋಗಬೇಕು. ನನ್ನದು ಜಾರಿ ಬೀಳುತ್ತಿತ್ತು.

ನಾಗಸಾಕಿ ಕಡೆಯ ಮೀನುಗಾರರು ಕುಡಿಯಲು ಕೂತಾಗ ಹಾಡುವುದಂತೆ. ಅರ್ಥ ಇಷ್ಟು: ಇವತ್ತು ಕಡಲು ಬೇಡ, ಇನ್ನೊಂದು ಬಟ್ಟಲು ಸುರಿ, ಮನೆಯವಳು ಕೇಳಿದರೆ ಅಲೆ ಜೋರಿತ್ತು ಎನ್ನು. ನನಗೆ ಬಹಳ ಹಿಡಿಸಿತು.

ಊಟಕ್ಕೆ ಏಕೆ ಬರಲಿಲ್ಲ ಎಂದು ಅಮ್ಮ ಅಂಗಡಿಗೇ ಇಳಿದು ಬಂದಳು. ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಏಕೋ ಹಸಿವೂ ಆಗಿರಲಿಲ್ಲ. ಬಿಸಿಲಿಗಿರಬೇಕು.

ಅಕ್ಟೋಬರ್ 17, ಶುಕ್ರವಾರ

ನಾನು ಏನೂ ಮಾಡಲಿಲ್ಲ. ಮೊದಲು ಅದನ್ನು ಬರೆದಿಡುತ್ತೇನೆ.

ಭಜನೆ ಶುರುವಾಗುವ ಮುಂಚೆ ತಂತಿ ಶ್ರುತಿ ಮಾಡುತ್ತಿದ್ದೆ. ಕೈ ತನ್ನಷ್ಟಕ್ಕೆ ಆ ಕುಡುಕರ ಹಾಡಿಗೆ ಹೋಯಿತು. ಕೊಗ್ಗ ಮಾಮ ಹಾರ್ಮೋನಿಯಂ ಮುಚ್ಚಳ ತೆಗೆಯುತ್ತಿದ್ದವರು ಹಾಗೇ ನಿಂತರು.

"ನಿಲ್ಸಿ, ಎಲ್ಲ ಮಾತು ನಿಲ್ಸಿ! ಪೊಣ್ಣೇ, ಈಗ ಬಾರಿಸಿದ್ದನ್ನು ಇನ್ನೊಮ್ಮೆ ಬಾರ್ಸು."

ತುಳುವಿನಲ್ಲಿ ಪೊಣ್ಣು ಎಂದರೆ ಹುಡುಗಿ. ಬೇರೆ ಯಾರಾದರೂ ಹಾಗೆ ಕರೆದರೆ ನನಗೆ ಆಗದು. ಮಾಮ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ, ಅದರ ಗದ್ದಲದಲ್ಲಿ ಕೂಗಿ ಕೂಗಿ ದನಿಯೇ ಹಾಗೆ, ಎದುರು ಮಾತಾಡಲು ಬಿಡುವುದಿಲ್ಲ. ಬಾರಿಸಿದೆ.

"ಇದು ಮೋಹನ ರಾಗ! ನಮ್ಮ ಗುರುಗಳ ಧಾಟಿ ಇದು, ಕಾರ್ಕಳದಲ್ಲಿ ಶನಿವಾರ ಶನಿವಾರ ಹಾಡ್ತಿದ್ರು! ನಿಂಗೆ ಎಲ್ಲಿಂದ ಸಿಕ್ಕಿತು? ನಿನ್ನ ಅಜ್ಜನಿಂದ ಆಗಿರ್ಬೇಕು. ಆ ಕಾಲದವರಿಗೆ ಗೊತ್ತಿತ್ತು. ಸುಕೇಶ, ತಾಳ ಹಿಡಿ! ಸೌಮ್ಯಶ್ರೀ, ನೀವು ಎರಡನೇ ಸಾಲಿಗೆ ಸೇರ್ಬೇಕು!"

ನಾನು ಬಾಯಿ ತೆರೆದಿದ್ದೆ. ಅಜ್ಜನಿಂದಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಪ್ರಶ್ನೆ ಕೇಳಿದವರೇ ಉತ್ತರವನ್ನೂ ಹೇಳಿ ಮುಂದಕ್ಕೆ ಹೋದರೆ ನಾನೇನು ಮಾಡಲಿ? ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದು ಸುಳ್ಳಲ್ಲ. ಎರಡು ಸಲ ಯೋಚಿಸಿ ನೋಡಿದೆ, ಅಲ್ಲ.

ಮಾಮ ತಾವೇ ಬರೆದಿಟ್ಟುಕೊಂಡಿದ್ದ ಪದವನ್ನು ಆ ಧಾಟಿಗೆ ಕೂರಿಸಿದರು. ಅಳತೆ ತೆಗೆದು ಹೊಲಿದಂತೆ ಕೂತಿತು.

ಒಂಟೆಯನೇರಿ ಬಾರೋ ಕೃಷ್ಣ
ಗರುಡಗೆ ಬಿಸಿಲು ತಾಳದೋ

ಇನ್ನೊಂದು ಬಟ್ಟಲು ಸುರಿ ಎನ್ನುವಲ್ಲಿ ಗರುಡ ಬಂದ. ಸೌಮ್ಯಶ್ರೀ ಆಂಟಿಯ ಕಣ್ಣಲ್ಲಿ ನೀರು ಬಂತು. ಸುಕೇಶ, ಅಂದರೆ ಅಪ್ಪ, ಕಣ್ಣು ಮುಚ್ಚಿ ತಾಳ ಹಾಕಿದರು. ನಗು ತಡೆಯಲು ನಾನು ತುಟಿ ಕಚ್ಚಿಕೊಂಡದ್ದನ್ನು ನೋಡಿ ಅಮ್ಮ, "ಪಾಪ, ಇವಳಿಗೂ ಭಕ್ತಿ ಬಂತು," ಎಂದು ಯಾರಿಗೋ ಹೇಳಿದಳು.

ಅಕ್ಟೋಬರ್ 24, ಶುಕ್ರವಾರ

ಒಂಟೆ ಕೃಷ್ಣ ಈಗ ಎಲ್ಲರ ವಾಟ್ಸಾಪ್ ಗುಂಪಿನಲ್ಲಿ ಇದ್ದಾನೆ. ದೂರದ ಸೋಹಾರ್ ಪಟ್ಟಣದ ಮಂಡಳಿಯವರೂ ಹಾಡಲು ಶುರುಮಾಡಿದ್ದಾರಂತೆ. ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟಿನಲ್ಲಿ ನಮ್ಮ ಊರಿನವರೊಬ್ಬರು ಬೆಂಡೆಕಾಯಿ ಆರಿಸುತ್ತ ಅದನ್ನೇ ಗುನುಗುತ್ತಿದ್ದರಂತೆ. ಅಮ್ಮ ಹೆಮ್ಮೆಯಿಂದ ಹೇಳಿದಳು.

ಅಕ್ಟೋಬರ್ 28, ಮಂಗಳವಾರ

ಸೌಮ್ಯಶ್ರೀ ಆಂಟಿಯ ರಿಂಗ್‌ಟೋನ್ ಕೂಡ ಅದೇ. ಲಿಫ್ಟಿನಲ್ಲಿ ಕೇಳಿ ನಾನು ಎರಡು ಮಹಡಿ ಮೊದಲೇ ಇಳಿದುಬಿಟ್ಟೆ, ನಕ್ಕು ಮುಗಿಸಲು.

ಬಹುಮಾನ ಗ್ಯಾರಂಟಿ ಎನ್ನುತ್ತಿದ್ದಾರೆ ಎಲ್ಲರೂ. ಅಪ್ಪ ಚಿಕ್ಕಮ್ಮನಿಗೆ ಫೋನ್ ಮಾಡಿ, ಕೋಣೆ ಖಾಲಿ ಮಾಡಿಸಲು ಈಗಲೇ ಅವಸರ ಇಲ್ಲ ಎಂದರು.

ನವೆಂಬರ್ 7, ಶುಕ್ರವಾರ

ಇವತ್ತು ಕೊಗ್ಗ ಮಾಮ ಒಂದು ಫೋಟೋ ತಂದರು. ಊರಿನಿಂದ ತರಿಸಿದ್ದು, ಹೊಸ ಚೌಕಟ್ಟು ಹಾಕಿಸಿದ್ದು. ಕಪ್ಪು ಬಿಳುಪು. ಹೆಗಲ ಮೇಲೆ ಶಾಲು, ಕ್ಯಾಮೆರಾಕ್ಕೆ ಹೆದರಿದ ಕಣ್ಣು.

"ನಮ್ಮ ಗುರುಗಳು. ಸ್ಪರ್ಧೆಯ ದಿನ ವೇದಿಕೆಯಲ್ಲಿ ಇಟ್ಟು ಮಲ್ಲಿಗೆ ಹಾಕುದು. ಇದು ಇವರ ಧಾಟಿ ಅಂತ ಮೈಕಿನಲ್ಲಿ ಹೇಳಿ ಶುರು ಮಾಡುದು. ಇವರ ಹೆಸರು ಯಾರೂ ಹೇಳುದಿಲ್ಲ ಈಗ."

ಆಮೇಲೆ ಹಾಡಿದರು. ನಾನು ಬಾರಿಸಿದೆ. ನಗು ಬರಲಿಲ್ಲ. ಆ ಹೆದರಿದ ಕಣ್ಣುಗಳು ನನ್ನ ಕೈಯನ್ನೇ ನೋಡುತ್ತಿದ್ದ ಹಾಗಿತ್ತು. ಅಕ್ಕಿ ರೊಟ್ಟಿಯೂ ಸೇರಲಿಲ್ಲ.

ನವೆಂಬರ್ 9, ಭಾನುವಾರ

ಹೇಳಿದೆ.

ಗೋಡೌನಿಗೆ ಹೋಗಿದ್ದೆ. ಮಾಮ ಫೋರ್ಕ್‌ಲಿಫ್ಟಿನ ಮೇಲಿದ್ದರು, ಸುತ್ತ ನಾಲ್ಕೈದು ಜನ. ಅವರೆಲ್ಲ ಚಹಾಕ್ಕೆ ಹೋಗುವವರೆಗೆ ಒಂದು ಮೂಲೆಯಲ್ಲಿ ಕಾದೆ. ಏಕೆ ಕಾದೆನೋ. ಅಷ್ಟು ಹೊತ್ತಿನಲ್ಲಿ ಹೇಳಿ ಮನೆಗೆ ಹೋಗಬಹುದಿತ್ತು.

"ಮಾಮ, ಆ ಧಾಟಿ ಗುರುಗಳದ್ದಲ್ಲ. ಜಪಾನಿನದ್ದು."

ನಗುತ್ತಾರೆ ಅಥವಾ ಬಯ್ಯುತ್ತಾರೆ ಎಂದುಕೊಂಡಿದ್ದೆ. ಯಂತ್ರ ಆರಿಸಿ ಇಳಿದರು, ಮರದ ಹಲಗೆಯ ಮೇಲೆ ಕೂತರು. ನಾನು ಎಲ್ಲ ಹೇಳಿದೆ. ಹಿಸಾಯೊ-ಸಾನ್, ಅಜ್ಜಿ, ಬಟ್ಟಲು.

"ಕುಡುಕರದ್ದಾ?"

"ಹೌದು ಮಾಮ."

"ಪೂರ್ತಿ ಕುಡುಕರದ್ದಾ?"

"ಮೀನುಗಾರರು ಮಾಮ. ಕುಡಿದ ಮೀನುಗಾರರು."

"ಹಾಗಾದ್ರೆ ನಮ್ಮ ಮಲ್ಪೆ ಬಂದರಿನವರ ಹಾಗೇ ಆಯ್ತು," ಎಂದು ನಗಲು ನೋಡಿದರು. ನಗು ಪೂರ್ತಿ ಬರಲಿಲ್ಲ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿದರು.

"ಗುರುಗಳು ಹೇಳಿಕೊಟ್ಟದ್ದು ನಂಗೆ ಒಂದೂ ನೆನಪಿಲ್ಲ ಪೊಣ್ಣೇ. ಪದ ಉಂಟು, ಬರೆದಿಟ್ಟದ್ದು. ಧಾಟಿ ಬರೆದಿಡ್ಲಿಕ್ಕೆ ಬರ್ತದಾ? ಇಲ್ಲಿಗೆ ಬಂದು ಈ ಮೆಷಿನಿನ ಶಬ್ದದಲ್ಲಿ ಒಂದೊಂದೇ ಹೋಯ್ತು. ಮಂಡಳಿಯಲ್ಲಿ ನಾನು ಹಾಡ್ಸುದೆಲ್ಲ ಕ್ಯಾಸೆಟ್ಟಿನಿಂದ ಕಲಿತದ್ದು. ನೀನು ಬಾರಿಸಿದ ದಿನ, ಅಬ್ಬ, ಒಂದಾದ್ರೂ ಉಳಿದಿತ್ತು ಅಂದ್ಕೊಂಡೆ."

ನಾನು ಅವರ ಪಕ್ಕದಲ್ಲಿ ಕೂತೆ.

ಚಹಾಕ್ಕೆ ಹೋದವರು ಬರುವ ಸದ್ದಾದಾಗ ಮಾಮ ಎದ್ದರು.

"ಬೇರೆ ಧಾಟಿ ಕೂರಿಸ್ಲಿಕ್ಕೆ ಈಗ ಸಮಯ ಇಲ್ಲ. ಯಾರಿಗೂ ಹೇಳ್ಬೇಡ ಆಯ್ತಾ?"

"ಯಾರೂ ಕೇಳದಿದ್ರೆ ಹೇಳುದಿಲ್ಲ."

"ಕೇಳಿದ್ರೆ?"

"ಕೇಳಿದ್ರೆ ಹೇಳ್ತೇನೆ."

"ನಿನ್ನಂಥವಳನ್ನು ಸಾಕಿದ ಅಮ್ಮ ಕುಸುಮನಿಗೆ ದೊಡ್ಡ ನಮಸ್ಕಾರ," ಎಂದು ಮಾಮ ಫೋರ್ಕ್‌ಲಿಫ್ಟ್ ಹತ್ತಿದರು.

ನವೆಂಬರ್ 14, ಶುಕ್ರವಾರ

ಪ್ರಶ್ನೆಗಳಿಂದ ಓಡುವುದು ದೊಡ್ಡ ಕಸರತ್ತು.

ಸೋಹಾರಿನ ಮಂಡಳಿಯ ಸಂಕಪ್ಪಣ್ಣ ಎನ್ನುವವರು, ಒಂಟೆ ಕೃಷ್ಣನ ಧಾಟಿಯ ಮೂಲ ತಿಳಿಯಲೆಂದೇ ಗಾಡಿ ಓಡಿಸಿಕೊಂಡು ಬಂದಿದ್ದರು. "ಬುಲ್‌ಬುಲ್ ಬಾರ್ಸುವ ಹುಡುಗಿ ಎಲ್ಲಿ?" ಎಂದದ್ದು ಕೇಳಿ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟೆ. ಅವರು ಚಹಾ ಕುಡಿದರು, ನಾನು ನಲ್ಲಿ ಬಿಟ್ಟಿದ್ದೆ. ಚಕ್ಕುಲಿ ತಿಂದರು, ನಲ್ಲಿ ಬಿಟ್ಟಿದ್ದೆ. "ಇವಳಿಗೆ ಹೊಟ್ಟೆ ಸರಿ ಇಲ್ಲ," ಎಂದರು ಕೊಗ್ಗ ಮಾಮ. ಅದು ಅವರು ಹೇಳಿದ್ದು, ನಾನಲ್ಲ.

ಸಂಕಪ್ಪಣ್ಣ ಹೋದ ಮೇಲೆ ಬಾಗಿಲು ತೆಗೆದರೆ ಮಾಮ ಹೊರಗೆ ಕಾವಲು ನಿಂತವರ ಹಾಗೆ ನಿಂತಿದ್ದರು. ನಾವಿಬ್ಬರೂ ನಕ್ಕೆವು. ಅಮ್ಮ ಮಜ್ಜಿಗೆಗೆ ಶುಂಠಿ ಹಾಕಿ ತಂದಳು, ಕುಡಿಯಬೇಕಾಯಿತು.

ಹಿಸಾಯೊ-ಸಾನ್ ಮಾತ್ರ ನೇರವಾಗಿ ಕೇಳಿಬಿಟ್ಟರು, ನಿಮ್ಮ ಕಾರ್ಯಕ್ರಮ ಯಾವಾಗ, ನಾನು ಬರಬಹುದೇ ಎಂದು. ಬರಬಹುದು ಎಂದೆ. ಇನ್ನೇನು ಹೇಳಲಿ?

ನವೆಂಬರ್ 22, ಶನಿವಾರ

ನಿನ್ನೆ ಸ್ಪರ್ಧೆ ಆಯಿತು.

ಸಭಾಂಗಣ ತುಂಬಿತ್ತು. ಮೂರನೆಯ ಸಾಲಿನಲ್ಲಿ ಹಿಸಾಯೊ-ಸಾನ್, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ದಿಶ್ದಾಶಾ ನಿಲುವಂಗಿ ತೊಟ್ಟ ತಮೀಮ್ ಅಂಕಲ್. ಕೊಗ್ಗ ಮಾಮ ಗುರುಗಳ ಫೋಟೋ ತಂದಿರಲಿಲ್ಲ. ಯಾರೋ ಕೇಳಿದ್ದಕ್ಕೆ ಗಾಜು ಒಡೆಯಿತು ಎಂದರು. ಒಡೆದಿರಲಿಲ್ಲ, ಬೆಳಿಗ್ಗೆ ಅವರನ್ನು ಕರೆಯಲು ಹೋದಾಗ ನಾನು ನೋಡಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ನಾವು ಚೆನ್ನಾಗಿ ಹಾಡಿದೆವು. ಇದು ಹೊಗಳಿಕೆಯಲ್ಲ. ಆ ಜಾರುವ ಸ್ವರ ಜಾರಬೇಕಾದ ಕಡೆಗೇ ಜಾರಿತು. ಎರಡನೆಯ ಚರಣಕ್ಕೆ ಸಭಿಕರು ಚಪ್ಪಾಳೆ ಹಾಕಿದರು. ಅದರಲ್ಲಿ ಒಂದು ಚಪ್ಪಾಳೆ ಬೇರೆಯೇ ಲೆಕ್ಕದಲ್ಲಿತ್ತು. ನೋಡಿದರೆ ಹಿಸಾಯೊ-ಸಾನ್, ಕಣ್ಣರಳಿಸಿಕೊಂಡು, ಬಾಯಿ ತುಂಬ ಜಪಾನಿನ ಸಾಲು ಹಾಡುತ್ತಿದ್ದರು.

ಮಂಗಳೂರಿನಿಂದ ಕರೆಸಿದ್ದ ತೀರ್ಪುಗಾರರೊಬ್ಬರು ಮೈಕ್ ತೆಗೆದುಕೊಂಡರು. ಸ್ಪರ್ಧೆಯ ಮೊದಲ ನಿಯಮವೇ ಸಿನಿಮಾ ಧಾಟಿ ಕೂಡದು ಎಂದು.

"ಬಹಳ ಚಂದ ಉಂಟು. ಆದರೆ ಧಾಟಿ ಹೊಸದಾಗಿ ಕೇಳ್ತದೆ. ಸಿನಿಮಾದ್ದಲ್ಲ ತಾನೆ?"

"ಅಲ್ಲ ಸ್ವಾಮಿ," ಎಂದರು ಮಾಮ.

"ಹಾಗಾದ್ರೆ ಯಾರ ಧಾಟಿ?"

ಸೌಮ್ಯಶ್ರೀ ಆಂಟಿ ಹಿಂದಿನಿಂದ "ಗುರುಗಳದ್ದು, ಗುರುಗಳದ್ದು" ಎಂದು ಪಿಸುಗುಟ್ಟಿದರು. ಮಾಮ ಮೈಕನ್ನು ನನ್ನ ಕಡೆ ತಿರುಗಿಸಿದರು.

ಇಲ್ಲಿ ನಿಜ ಬರೆಯುತ್ತೇನೆ. ಒಂದು ಸುಳ್ಳು ನನ್ನ ಬಾಯಲ್ಲಿ ತಯಾರಿತ್ತು. ಅಜ್ಜನಿಂದ ಕಲಿತದ್ದು, ಮಾಮನ ಗುರುಗಳದ್ದೇ. ಚೊಕ್ಕ ವಾಕ್ಯ. ಅದನ್ನು ಹೇಳಿದ್ದರೆ ಬಹುಮಾನ ನಮ್ಮದು, ನಾನು ಇಲ್ಲಿಯೇ ಇರುತ್ತಿದ್ದೆ. ಆದರೆ ಆ ವಾಕ್ಯ ಹುಟ್ಟಿದಾಗ ಬಹುಮಾನದ ನೆನಪು ಇರಲೇ ಇಲ್ಲ. ಎದುರಿಗೆ ಮಾಮನ ಕೈ ಮಾತ್ರ ಕಾಣುತ್ತಿತ್ತು, ಹಾರ್ಮೋನಿಯಂ ಮೇಲೆ ಗ್ರೀಸ್ ಹೋಗದ ಉಗುರು.

"ಹೇಳು ಪೊಣ್ಣೇ," ಎಂದರು ಮಾಮ. ಆಮೇಲೆ ತೀರ್ಪುಗಾರರ ಕಡೆ ತಿರುಗಿ, ಇಡೀ ಸಭಾಂಗಣಕ್ಕೆ ಕೇಳುವಂತೆ, "ಈ ಹುಡುಗಿಗೆ ಸುಳ್ಳು ಬರುದಿಲ್ಲ ಸ್ವಾಮಿ. ಅದಕ್ಕೇ ಇವಳ ಹತ್ತಿರ ಕೊಟ್ಟದ್ದು."

ಹೇಳಿದೆ. ನಾಗಸಾಕಿ, ಮೀನುಗಾರರು, ಅಲೆ ಜೋರಿತ್ತು ಎನ್ನು, ಎಲ್ಲ. ತಮ್ಮ ಹೆಸರು ಕೇಳಿದ ಹಿಸಾಯೊ-ಸಾನ್ ಎದ್ದು ನಿಂತು ನಾಲ್ಕೂ ದಿಕ್ಕಿಗೆ ತಲೆಬಾಗಿದರು. ತಮೀಮ್ ಅಂಕಲ್ ಕೂಡ ಏಕೋ ಎದ್ದು ತಲೆಬಾಗಿದರು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಅಪ್ಪ ನಗಲಿಲ್ಲ. ತಾಳ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

ತೀರ್ಪುಗಾರರು ಬಹಳ ಹೊತ್ತು ತಲೆ ಸೇರಿಸಿ ಮಾತಾಡಿದರು. ಸಿನಿಮಾ ಧಾಟಿ ಅಲ್ಲದಿದ್ದರೂ ಮದ್ಯಪಾನದ ಧಾಟಿಯನ್ನು ಭಜನೆಗೆ ಒಪ್ಪಲಾಗದು ಎಂದರು. ಮೊದಲ ಬಹುಮಾನ ಸೋಹಾರಿಗೆ. ನಮಗೆ ಭಾಗವಹಿಸಿದ್ದಕ್ಕೆ ತಲಾ ಒಂದು ಸ್ಟೀಲ್ ತಟ್ಟೆ.

ಪಾರ್ಕಿಂಗಿನಲ್ಲಿ ಸೌಮ್ಯಶ್ರೀ ಆಂಟಿ ಫೋನ್ ಹಿಡಿದುಕೊಂಡು ಬಂದರು. "ಕುಡುಕರ ಹಾಡಿಗೆ ನಾನು ಕಣ್ಣೀರು ಹಾಕಿದ್ದಾ? ಈಗಲೇ ತೆಗಿ ಈ ರಿಂಗ್‌ಟೋನ್!" ನಾನು ತೆಗೆಯಲು ಹೋದಾಗ ಫೋನ್ ಕಿತ್ತುಕೊಂಡರು. "ಇರ್ಲಿ. ನಾಳೆ ನೋಡುವ." ಇವತ್ತು ಬೆಳಿಗ್ಗೆಯೂ ಗೋಡೆಯಾಚೆ ಅದೇ ಕೇಳಿತು.

ಹಿಸಾಯೊ-ಸಾನ್ ಮಾಮನ ಮುಂದೆ ನಿಂತು ಪದೇ ಪದೇ ಕ್ಷಮೆ ಕೇಳಿದರು. ತಮ್ಮಿಂದ ಬಹುಮಾನ ಹೋಯಿತಲ್ಲ ಎಂದು ಕಣ್ಣು ತುಂಬಿತ್ತು ಅವರಿಗೆ. ಆಮೇಲೆ ಇನ್ನೊಂದು ಮಾತು ಹೇಳಿದರು. ಅದು ನಿಜವಾಗಿ ಜಪಾನಿನದ್ದೂ ಅಲ್ಲ, ಚೀನಾದ ವ್ಯಾಪಾರಿಗಳು ಚಂದ್ರನ ಹಾಗೆ ದುಂಡಗಿನ ತಂತಿವಾದ್ಯ ಹಿಡಿದು ನಾಗಸಾಕಿಗೆ ಬರುತ್ತಿದ್ದರು, ಅವರು ಹಾಡಿದ್ದನ್ನು ಕೇಳಿ ನಮ್ಮವರು ಕುಡಿಯುವಾಗ ಹಾಡಿಕೊಂಡರು ಎಂದು ಅಜ್ಜಿ ಹೇಳುತ್ತಿದ್ದಳಂತೆ. ಚೀನಾದಲ್ಲಿ ಅದು ಏನಿತ್ತು, ಯಾರಿಗೂ ಗೊತ್ತಿಲ್ಲ. ಮಾಮನಿಗೆ ಕನ್ನಡದಲ್ಲಿ ಹೇಳಿದೆ.

"ಎಂತ, ಇವರೂ ಕದ್ದದ್ದಾ?" ಮಾಮ ಕಾರಿಗೆ ಒರಗಿಕೊಂಡು ಕೆಮ್ಮು ಬರುವವರೆಗೆ ನಕ್ಕರು. "ಇದನ್ನು ಮೊದಲೇ ಹೇಳ್ಬೇಕಿತ್ತು ಮಾರಾಯ್ತಿ! ಚೀನಾದಲ್ಲಿ ಭಜನೆಯೇ ಇದ್ದಿರ್ಬಹುದು!"

"ಇರ್ಬಹುದು, ಇಲ್ಲದಿರ್ಲೂಬಹುದು ಮಾಮ."

"ನೀನೊಬ್ಬಳು," ಎಂದು ತಲೆಗೆ ಮೆಲ್ಲಗೆ ಮೊಟಕಿದರು.

ನವೆಂಬರ್ 23, ಭಾನುವಾರ

ಅಪ್ಪ ಸ್ಟೋರಿನಿಂದ ಬಂದು ಶೂ ಬಿಚ್ಚದೆ ಕೂತರು.

"ಟಿಕೆಟ್ ನೋಡಿದ್ರಾ?" ಎಂದೆ.

"ಎಂತದ್ದು ಟಿಕೆಟ್?"

"ಕಿನ್ನಿಗೋಳಿಗೆ."

"ಅಯ್ಯೋ, ಇರ್ಲಿ ಮಾರಾಯ್ತಿ. ಯಾರು ನಿನ್ನನ್ನು ಓಡಿಸಿದ್ದು? ತಮೀಮನ ಅಂಗಡಿಗೆ ಹೋಗ್ತಾ ಇರು. ಮುಂದಿನ ವರ್ಷ ನೋಡುವ."

"ಬಹುಮಾನ ಬಂದ್ರೆ ಇರುದು, ಬರದಿದ್ರೆ ಹೋಗುದು. ನೀವು ಹೇಳಿದ್ದು, ನಾನು ಆಯ್ತು ಅಂದದ್ದು."

"ಅದು ನಾನು ಸುಮ್ಮನೆ ಹೇಳಿದ್ದು."

"ನಾನು ಸುಮ್ಮನೆ ಹೇಳಿದ್ದಲ್ಲ."

ಅಪ್ಪ ಶೂ ಬಿಚ್ಚಿದರು. ಒಂದು ಬಿಚ್ಚಿ, ಇನ್ನೊಂದನ್ನು ಬಿಚ್ಚಲು ಮರೆತು ಹಾಗೇ ಕೂತರು. ಆಮೇಲೆ ಕೇಳಿದರು, "ಅಲ್ಲಿ ಬೋರ್ ಆದ್ರೆ?"

"ಆಗ್ತದೆ," ಎಂದೆ. "ಅರ್ಥಶಾಸ್ತ್ರ ಉಂಟಲ್ಲ."

ಅಮ್ಮ ಒಳಗಿನಿಂದ ನಗಲಿಲ್ಲ ಈ ಸಲ. ಪಾತ್ರೆ ತೊಳೆಯುವ ಸದ್ದು ಜೋರಾಯಿತು.

ನವೆಂಬರ್ 25, ಮಂಗಳವಾರ

ಊರಿಗೆ ಹೊರಟವಳಿಗೆಂದು ತಮೀಮ್ ಅಂಕಲ್ ಒಂದು ಕಟ್ಟು ಹೊಸ ತಂತಿ ಕೊಟ್ಟರು. ಹಿಸಾಯೊ-ಸಾನ್ ಬಂದಿದ್ದರು, ಮಾತು ಕಡಿಮೆ, ತಲೆಬಾಗಿದ್ದು ಹೆಚ್ಚು. ಪರದೆಯ ಹಿಂದೆ ಮೂರೂ ಪೆಟ್ಟಿಗೆ ಸೇರಿಸಿ ಇನ್ನೊಮ್ಮೆ ಬಾರಿಸಿದೆವು. ಅಂಕಲ್ ಬಲೂಚಿ ಮದುವೆಯ ವೇಗದಲ್ಲಿ ಬಾರಿಸಿದರು, ಮೀನುಗಾರರಿಗೆ ಕುಡಿದದ್ದು ಇಳಿದಿರಬೇಕು.

ಸಂಜೆ ಕೊಗ್ಗ ಮಾಮ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಕಿನ್ನಿಗೋಳಿಯಿಂದ ಕಾರ್ಕಳಕ್ಕೆ ಬಸ್ಸು ಉಂಟು. ಗುರುಗಳ ಮಗಳು ಇರ್ಬೇಕು, ಪೇಟೆಯ ಹಿಂದೆ ಮನೆ. ಅರವತ್ತರ ಹತ್ತಿರ ಇರ್ಬಹುದು. ಸಣ್ಣದಿರುವಾಗ ಅವಳೂ ನಮ್ಮ ಜೊತೆ ಕೂತು ಹಾಡ್ತಿದ್ಳು." ಚಪ್ಪಲಿಯಲ್ಲಿ ನೆಲ ಉಜ್ಜಿದರು. "ಅವಳಿಗೆ ಒಂದು ಧಾಟಿಯಾದ್ರೂ ನೆನಪಿದ್ರೆ, ಬುಲ್‌ಬುಲ್‌ನಲ್ಲಿ ಹಿಡಿದು ಕಳಿಸ್ತೀಯಾ?"

"ನೆನಪಿದ್ರೆ ಕಳಿಸ್ತೇನೆ ಮಾಮ. ನೆನಪಿಲ್ಲದಿದ್ರೆ ನೆನಪಿಲ್ಲ ಅಂತ ಹೇಳ್ತೇನೆ."

"ಗೊತ್ತುಂಟು," ಎಂದರು. "ಅದಕ್ಕೇ ನಿನ್ನ ಹತ್ತಿರ ಹೇಳಿದ್ದು."

ಅವರು ಮೆಟ್ಟಿಲಿಳಿದು ಹೋಗುವವರೆಗೆ ನಿಂತಿದ್ದೆ. ಕಾರ್ಕಳದ ಮನೆಯ ದಾರಿ ಸರಿಯಾಗಿ ಕೇಳಿಕೊಳ್ಳಲಿಲ್ಲ ಎಂದು ಆಮೇಲೆ ಹೊಳೆದು ಕೆಳಗೆ ಓಡಿದೆ. ಬರೆಸಿಕೊಂಡು ಬಂದೆ.

ನಾಳೆ ಬೆಳಿಗ್ಗೆ ಮಂಗಳೂರಿನ ವಿಮಾನಕ್ಕೆ ಹೊರಡುತ್ತೇನೆ.